ಎರಡು ಮನೆಗೆ ಒಂದೇ ಹೊಗೆಗೂಡು

ಯುದ್ಧದ ಕಾಲದಲ್ಲಿ ಬ್ಲಫ್ ಎಂಬ ಕಾಲೊನಿಯಲ್ಲಿ ನಾವಿದ್ದದ್ದು ಕೆಂಪು ಇಟ್ಟಿಗೆಯ ಸಾಲುಮನೆ. ವಿದ್ಯುದಾಗಾರದ ನೌಕರರಿಗೆಂದು ಅದನ್ನು ಕಟ್ಟಿಸಿದ ಬಿಳಿ ದೊರೆಗೆ ತನ್ನೂರಿನ ಚಳಿ ನೆನಪಾಗಿರಬೇಕು. ನೆತ್ತಿ ಸುಡುವ ನಮ್ಮ ಸೀಮೆಯಲ್ಲಿ ನಡುಮನೆಯ ಗೋಡೆಗೆ ಮೈ ಕಾಯಿಸಿಕೊಳ್ಳುವ ಒಲೆ ಇಡಿಸಿದ್ದ! ಈಗ ಪಾರಂಪರಿಕ ಕಟ್ಟಡವೆಂದು ನೋಡಲು ಬರುವವರು ಆ ಒಲೆಯ ಕಮಾನನ್ನೇ ಹೊಗಳುತ್ತಾರೆ. ಹೊಗಳಲಿ. ಅದರಲ್ಲಿ ಒಂದು ದಿನವೂ ಬೆಂಕಿ ಉರಿಯಲಿಲ್ಲ. ಬೆಳಕವಾಡಿಯಿಂದ ಬಂದ ನನ್ನಜ್ಜಿ ಅದರೊಳಗೆ ದೇವರ ಪಟವಿಟ್ಟು ದೀಪ ಹಚ್ಚಿದಳು.

ನಮ್ಮ ಒಲೆಗೂ ಪಕ್ಕದ ಮನೆಯ ಒಲೆಗೂ ಬೆನ್ನಿಗೆ ಬೆನ್ನು, ಹೊಗೆಗೂಡು ಒಂದೇ. ಸಂಜೆ ಅದರೊಳಗೆ ತಲೆಯಿಟ್ಟರೆ ಮೇಲೆ ಅಂಗೈಯಗಲ ಆಕಾಶ ತೇಲುತ್ತಿತ್ತು. ದೂರದ ಯಂತ್ರಗಳ ಗುಂಯ್‌ಗುಟ್ಟುವಿಕೆಯೂ ಆಚೆ ಮನೆಯಾಕೆಯ ಬಳೆಯ ಸದ್ದೂ ಬೆರೆತು, ಕನಸಿನೊಳಗಿಂದ ಬಂದಂತೆ ಕಿವಿಗಿಳಿಯುತ್ತಿದ್ದವು.

ಅಜ್ಜಿ ದೇವರಿಗೆ ಗಟ್ಟಿಯಾಗಿಯೇ ಹೇಳಿಕೊಳ್ಳುವಳು: "ಮಂಡಿನೋವು ತಡಿಯಕ್ಕಾಗಕಿಲ್ಲ ಸಿವನೇ." ಮಾರನೆಯ ಬೆಳಗ್ಗೆ ಪಕ್ಕದ ಮನೆಯಾಕೆ ಬಿಸಿ ಹರಳೆಣ್ಣೆ ಹಿಡಿದು ಬಾಗಿಲಲ್ಲಿ ನಿಂತಿರುವಳು. "ನೋಡ್ದೇನಮ್ಮಿ, ದೇವ್ರು ಕೇಳುಸ್ಕಂಡ," ಎಂದು ಅಜ್ಜಿ ನನ್ನ ಕಡೆ ತಿರುಗಿದರೆ ನಾನು ನಗು ನುಂಗಿಕೊಳ್ಳುತ್ತಿದ್ದೆ.

ಆ ಪಕ್ಕದ ಮನೆಯಾಕೆಗೆ ಮದುವೆಯಾಗಿ ಬಹಳ ಕಾಲವಾಗಿದ್ದರೂ ಮಕ್ಕಳಿರಲಿಲ್ಲ. ಆ ಮಾತನ್ನು ಅವಳು ಯಾರೆದುರೂ ಎತ್ತುತ್ತಿರಲಿಲ್ಲ. ಒಂದು ಸಂಜೆ ಅಜ್ಜಿ ದೀಪ ಹಚ್ಚಿ, ಎಂದಿಗಿಂತ ಗಟ್ಟಿಯಾಗಿ ಬೇಡಿಕೊಂಡಳು: "ನನ್ ಮಂಡಿ ಅತ್ಲಾಗಿರ್ಲಿ ಬುಡು ಸಿವನೇ. ಪಕ್ಕದ್ಮನೆ ಎಣ್ಮಗೀನ ಮಡ್ಲು ತುಂಬ್ಸು."

ಆಚೆ ಬಳೆಯ ಸದ್ದು ಥಟ್ಟನೆ ನಿಂತಿತು. ಅಜ್ಜಿ ಹಣೆಯನ್ನು ಇಟ್ಟಿಗೆಗೆ ಆನಿಸಿಕೊಂಡು ಹಾಗೆಯೇ ಕೂತಳು. ಎಷ್ಟೋ ಹೊತ್ತಿನ ಮೇಲೆ ಹೊಗೆಗೂಡಿನಿಂದ ಸಣ್ಣ ದನಿಯೊಂದು ಇಳಿದುಬಂತು:

"ಅಜ್ಜೀ, ಇನ್ನೊಂದ್ಸಲ ಬೇಡ್ಕಳಿ."