ಹೊಗಳಿದವರನ್ನು ನಂಬದ ಉರ್ವೆ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ಮಂಜುಗಟ್ಟಿದ ರಸ್ತೆಗೆ ಮರಳು ಚೆಲ್ಲುವ ಗಾಡಿಯೂ ಈ ಕಡೆ ಬಂದಿಲ್ಲ. ತಾಲಿನ್ ನಗರದ ಹಳೆಯ ರೈಲ್ವೆ ಕಾರ್ಖಾನೆಯಲ್ಲಿ ಈಗ ಹೊಸ ಹುಡುಗರ ಕಂಪನಿಗಳು ತುಂಬಿಕೊಂಡಿವೆ. ಅಷ್ಟು ದೊಡ್ಡ ಕಟ್ಟಡದಲ್ಲಿ ದೀಪ ಉರಿಯುತ್ತಿರುವುದು ಒಂದೇ ಕೋಣೆಯಲ್ಲಿ. ಉರ್ವೆ ಕಾಸೆಮೆಟ್ಸ್ ಎಂಬ ಮಹಿಳೆ ಕೋಟನ್ನೂ ಬಿಚ್ಚದೆ ಕೂತು, ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದಾರೆ. ಮೇಜಿನ ಮೇಲಿನ ಫೋನು ಗುಂಯ್‌ಗುಡುತ್ತದೆ. ಮನೆ ಬಾಗಿಲಿಗೇ ಬಂದು ಚಾಕು ಸಾಣೆ ಹಿಡಿದುಕೊಡುವ ಆಪ್ ಬಗ್ಗೆ ಯಾರೋ ಬರೆದಿದ್ದಾರೆ: ‘ಎಷ್ಟು ಒಳ್ಳೆ ಯೋಚನೆ, ಇಂಥದ್ದೇ ಬೇಕಿತ್ತು.’

ಉರ್ವೆ ಒಂದೇ ಬೆರಳಿನಲ್ಲಿ ಉತ್ತರ ಕುಟ್ಟುತ್ತಾರೆ: ‘ಇವತ್ತೇ ಬರುತ್ತೇವೆ. ಚಾಕು ತೆಗೆದಿಡಿ.’ ಆಮೇಲೆ ಬ್ರೆಡ್ಡು ಮುಗಿಯುತ್ತದೆ, ಕಾಫಿ ಮುಗಿಯುತ್ತದೆ. ಆ ಕಡೆಯಿಂದ ಸದ್ದಿಲ್ಲ.

“ನೋಡಿ, ಆಸಾಮಿ ಮಾಯ,” ಎನ್ನುತ್ತಾರೆ ಉರ್ವೆ, ಮಾತಾಡಿಸಲು ಬಂದ ನನ್ನ ಕಡೆ ತಿರುಗಿ. “ಹೊಗಳೋಕೆ ಖರ್ಚಿಲ್ಲ. ಚಾಕು ಹುಡುಕೋಕೆ ಏಳಬೇಕಲ್ಲ.”

ಚಾಕು ಸಾಣೆಯ ಆಪ್ ಎಂಬುದೊಂದು ಇನ್ನೂ ಹುಟ್ಟೇ ಇಲ್ಲ. ಊರಿನ ಮನೆಗಳ ಮೆಟ್ಟಿಲ ಬಳಿ ಅಂಟಿಸಿದ ಕಾಗದವಿದೆ, ಅದರಲ್ಲೊಂದು ನಂಬರಿದೆ, ಆ ನಂಬರಿನ ಹಿಂದೆ ಯಂತ್ರ ಇರಬೇಕಾದ ಜಾಗದಲ್ಲಿ ಉರ್ವೆ ಇದ್ದಾರೆ. ಜನ ನಿಜವಾಗಿ ಕೇಳಿದರೆ ಈ ಕಟ್ಟಡದ ಹುಡುಗರು ಆಪ್ ಕಟ್ಟುವುದು, ಇಲ್ಲದಿದ್ದರೆ ಕಾಗದ ಕಿತ್ತು ಬಿಸಾಡುವುದು. ವರ್ಷಗಟ್ಟಲೆ ದುಡಿದು ಆಪ್ ಕಟ್ಟಿ ಆಮೇಲೆ ಅಳುವ ಬದಲು, ಮೊದಲೇ ಅಗ್ಗದಲ್ಲಿ ಸತ್ಯ ತಿಳಿಯುವ ದಾರಿ ಇದು. ಟ್ಯಾಕ್ಸಿ ಕಂಪನಿಯೊಂದರಲ್ಲಿ ಕರೆ ಸ್ವೀಕರಿಸುತ್ತಿದ್ದ ಉರ್ವೆಗೆ ಐವತ್ತು ದಾಟಿದ ಮೇಲೆ ಸಿಕ್ಕ ಕೆಲಸ. ಕಟ್ಟಡದ ಹುಡುಗರು ಅವರಿಗೆ ಇಟ್ಟಿರುವ ಹೆಸರು ‘ಫ್ರಿಜ್ಜು’. ಯಾರ ಉತ್ಸಾಹವಾದರೂ ಅವರ ಮುಂದೆ ತಣ್ಣಗಾಗುತ್ತದಂತೆ.

ಈ ಅನುಮಾನ ಹುಟ್ಟುಗುಣವಲ್ಲ. ಒಂದು ಕಾಲಕ್ಕೆ ಉರ್ವೆ ಏಲಕ್ಕಿ ಹಾಕಿದ ಜಡೆಬ್ರೆಡ್ಡು, ಅಂದರೆ ಕ್ರಿಂಗೆಲ್, ಮಾಡಿ ನೆಂಟರ ಹುಟ್ಟುಹಬ್ಬಗಳಿಗೆ ಒಯ್ಯುತ್ತಿದ್ದರು. ತಿಂದವರೆಲ್ಲ, “ಅಂಗಡಿ ಇಡು ಮಾರಾಯ್ತಿ, ನಾವೇ ದಿನಾ ಬರ್ತೀವಿ,” ಎಂದರು. ಉರ್ವೆ ನಂಬಿದರು. ತಾವೂ ತಮ್ಮನೂ ಹಂಚಿಕೊಂಡಿದ್ದ ತೋಟದ ಮನೆ ಮಾರಿ ಅಂಗಡಿ ಇಟ್ಟರು. ಮೊದಲ ದಿನ ಕಾಲಿಡಲು ಜಾಗವಿರಲಿಲ್ಲ. ಆಮೇಲೆ ಅವರೆಲ್ಲ ಕಿಟಕಿಯಾಚೆಯಿಂದಲೇ ಕೈ ಬೀಸಿ ಮುಂದೆ ಹೋಗುತ್ತಿದ್ದರು. ಅಂಗಡಿ ಮುಚ್ಚಿತು. ತಮ್ಮ ಇವತ್ತಿಗೂ ಮಾತಾಡುವುದಿಲ್ಲ.

“ಅವರು ಸುಳ್ಳು ಹೇಳಿದ್ರು ಅನ್ನಲ್ಲ. ನನ್ನ ಮೇಲೆ ಪ್ರೀತಿ ಇತ್ತು, ಅಷ್ಟೆ. ನಾನು ಅದನ್ನ ಬ್ರೆಡ್ಡಿನ ಮೇಲಿನ ಪ್ರೀತಿ ಅಂದ್ಕೊಂಡೆ,” ಎನ್ನುತ್ತಾರೆ.

ಹೋದ ಚಳಿಗಾಲದಲ್ಲಿ ಅವರ ಬಳಿ ಟಾನೆಲ್ ಎಂಬ ಯುವಕ ಬಂದ. ಲಿಫ್ಟ್ ರಿಪೇರಿ ಮಾಡುವವನು, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದಷ್ಟು ಎತ್ತರ. ಊರಿನ ಪೆಲ್ಗುಲಿನ್ ಬಡಾವಣೆಯ ಮರದ ಮನೆಗಳಲ್ಲಿ ಈಗಲೂ ಸೌದೆ ಒಲೆಯೇ ಮನೆ ಬೆಚ್ಚಗಿಡುವುದು. ಸೌದೆ ಇರುವುದು ಅಂಗಳದ ಕೊಟ್ಟಿಗೆಯಲ್ಲಿ, ಮನೆ ಇರುವುದು ಮಹಡಿಯ ಮೇಲೆ. ಮೊಬೈಲಿನಲ್ಲಿ ಒತ್ತಿದರೆ ಯಾರಾದರೂ ಬಂದು ಸೌದೆ ಹೊತ್ತು ಮೇಲಿಟ್ಟು ಹೋಗುವ ಆಪ್ ಅವನ ಕನಸು. ಕರೆ ತೆಗೆದುಕೊಳ್ಳಲು ಉರ್ವೆ, ಕೆಲಸಕ್ಕೆ ಹೋಗುವ ಮುಂಚೆ ಸೌದೆ ಹೊರಲು ಟಾನೆಲ್. ಅವರ ಪರೀಕ್ಷೆಯ ಏರ್ಪಾಡು ಇಷ್ಟೇ.

ಪೆಲ್ಗುಲಿನ್‌ನಲ್ಲಿ ಕಾಗದ ಅಂಟಿಸಿದ ವಾರದಲ್ಲೇ ಫೋನು ಬಡಿದುಕೊಳ್ಳತೊಡಗಿತು. ಟಾನೆಲ್ ಬೆಳಿಗ್ಗೆ ತೊಗಟೆಯ ಚೂರು ಅಂಟಿದ ಸ್ವೆಟರಿನಲ್ಲೇ ಬಂದು ಉರ್ವೆಯ ಮೇಜಿನ ಅಂಚಿನಲ್ಲಿ ಕೂರುತ್ತಿದ್ದ. “ನೋಡಿದ್ರಾ? ನಾನು ಹೇಳಲಿಲ್ವಾ? ಲಿಫ್ಟ್ ಕೆಲಸ ಬಿಡ್ತೀನಿ. ಫ್ಲಾಟ್ ಮಾರಿ ಇದಕ್ಕೇ ಹಾಕ್ತೀನಿ.”

ಉರ್ವೆಗೆ ಮಾತ್ರ ನಂಬಿಕೆ ಬರಲಿಲ್ಲ. ಕರೆ ಮಾಡಿದವರೆಲ್ಲ ಒಳ್ಳೆಯವರು. ಅತಿ ಒಳ್ಳೆಯವರು. ತಡವಾಗಿ ಹೋದರೆ ಬೈಯಲಿಲ್ಲ. ಒದ್ದೆ ಸೌದೆ ಹೊತ್ತಿಟ್ಟರೂ ಗೊಣಗಲಿಲ್ಲ. ಎಷ್ಟಾಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಟ್ಯಾಕ್ಸಿ ಕಂಪನಿಯಲ್ಲಿ ಇಷ್ಟು ವರ್ಷ ಬೈಸಿಕೊಂಡ ಹೆಂಗಸಿಗೆ ಇದು ಹಿಡಿಸಲಿಲ್ಲ. ಹಾಗಿರುವಾಗ ಒಂದು ಬೆಳಿಗ್ಗೆ, ಮೊದಲ ಸಲ ಕರೆ ಮಾಡುತ್ತಿದ್ದೇನೆಂದ ಅಜ್ಜಿಯೊಬ್ಬರು ಫೋನಿಡುವ ಮುಂಚೆ, “ಹುಡುಗಂಗೆ ಟೋಪಿ ಹಾಕ್ಕೊಂಡು ಬರೋಕೆ ಹೇಳಮ್ಮ, ಹೋದ ವಾರ ಕೆಮ್ತಿದ್ದ,” ಎಂದರು.

ಉರ್ವೆ ಕೋಟಿನ ಗುಂಡಿ ಹಾಕಿಕೊಂಡು ಆ ವಿಳಾಸಕ್ಕೆ ನಡೆದೇ ಹೋದರು. ಬಾಗಿಲು ತೆಗೆದ ಅಜ್ಜಿಯ ಬೆನ್ನ ಹಿಂದೆ, ಒಲೆಯ ಪಕ್ಕ, ಸೌದೆ ಆಳೆತ್ತರ ಪೇರಿಸಿತ್ತು.

“ಇಷ್ಟಿದ್ರೂ ಮತ್ತೆ ಬೇಕಾ?” ಎಂದು ಉರ್ವೆ ಕೇಳಿದರು.

ಅಜ್ಜಿ ಸೌದೆಯನ್ನೊಮ್ಮೆ, ಉರ್ವೆಯನ್ನೊಮ್ಮೆ ನೋಡಿದರು. “ನಂಗೇನು ಗೊತ್ತು? ಹೆಲ್ಗಿ ಫೋನ್ ಮಾಡು ಅಂದ್ಲು, ಮಾಡಿದೆ.”

ಹೆಲ್ಗಿ ಎಂದರೆ ಟಾನೆಲ್‌ನ ಅಜ್ಜಿ. ವಾರ ವಾರ ಹಾಡಲು ಸೇರುವ ಮೇಳದ ಹಿರಿಯಳು. ಕರೆ ಮಾಡುತ್ತಿದ್ದವರೆಲ್ಲ ಆ ಮೇಳದವರೇ. ಅದೇ ದಿನ ಉರ್ವೆ ಹೆಲ್ಗಿಯ ಅಡುಗೆಮನೆಯಲ್ಲಿ ಕೂತಿದ್ದರು. ಮುದುಕಿ ಮುಚ್ಚಿಡಲು ಹೋಗಲಿಲ್ಲ. ಕಾಫಿ ಬಗ್ಗಿಸಿ, ಸೆಟೆದು ನಿಂತರು.

“ಹೌದು, ನಾನೇ ಹೇಳಿದ್ದು. ಏನೀಗ? ಹೆಂಡ್ತಿ ಬಿಟ್ಟುಹೋದ ಮೇಲೆ ಅವನ ಮುಖ ನೋಡಿದ್ದೀಯಾ ನೀನು? ಆ ಕಾಗದ ಅಂಟಿಸಿದ ಮೇಲೇ ಅವನು ನಕ್ಕಿದ್ದು.”

“ನಗು ಚೆನ್ನಾಗೇ ಇದೆ. ಫ್ಲಾಟ್ ಮಾರಿದ ಮೇಲೆ ಎಲ್ಲಿ ಕೂತು ನಗ್ತಾನೆ?”

“ಯಾವ ಫ್ಲಾಟು?”

ಉರ್ವೆ ಹೇಳಿದರು. ಹೆಲ್ಗಿ ಕೈಲಿದ್ದ ಪಾತ್ರೆಯನ್ನು ಒಲೆಯ ಮೇಲಿಟ್ಟರು, ಮತ್ತೆ ಎತ್ತಿದರು, ಮತ್ತೆ ಇಟ್ಟರು.

“ನಂಗೆ ಹೇಳಲೇ ಇಲ್ಲ ಅವ್ನು,” ಎಂದರು ಕಡೆಗೆ. “ಸೌದೆ ತಾನೆ, ಒಂದಿಷ್ಟು ದಿನ ಹೊತ್ಕೊಂಡು ಖುಷಿಯಾಗಿರ್ಲಿ ಅಂದ್ಕೊಂಡೆ. ನೀನು ಹೇಳ್ಬೇಡ. ನಾನೇ ಹೇಳ್ತೀನಿ.”

ಆದರೆ ಅವರು ಹೇಳಲಿಲ್ಲ. ಅವರಿಂದಾದದ್ದು ಇಷ್ಟೇ: ಮೇಳದವರಿಗೆಲ್ಲ ಇನ್ನು ಫೋನ್ ಮಾಡಿದ್ದು ಸಾಕು ಎಂದರು. ಮಾರನೆಯ ಬೆಳಿಗ್ಗೆ ಟಾನೆಲ್ ಟೋಪಿ ಹಾಕಿಕೊಂಡು, ಕೈಗವಸು ತೊಟ್ಟು ಸಿದ್ಧನಾಗಿ ಬಂದು ಕೂತ. ಫೋನು ಸುಮ್ಮನಿತ್ತು. ಅದನ್ನೆತ್ತಿ ಅಲ್ಲಾಡಿಸಿ ನೋಡಿದ. ತನ್ನ ಮೊಬೈಲಿನಿಂದ ಅದಕ್ಕೆ ಕರೆ ಮಾಡಿದ, ಅದು ರಿಂಗಾಯಿತು. ಕಿಟಕಿಯಾಚೆ ಬೆಳಕಾಯಿತು. ಅವನು ನಿಧಾನವಾಗಿ ಉರ್ವೆಯ ಕಡೆ ತಿರುಗಿದ.

“ನೀವು ಅವರಿಗೆಲ್ಲ ಏನು ಹೇಳಿದ್ರಿ? ನಿನ್ನೆ ಪೆಲ್ಗುಲಿನ್‌ನಲ್ಲಿ ನಿಮ್ಮನ್ನ ನೋಡಿದವರಿದ್ದಾರೆ. ಯಾರಿಗೋಸ್ಕರ ಕೆಲಸ ಮಾಡ್ತಿದ್ದೀರಿ? ಬೇರೆ ಯಾರೋ ಇದೇ ಆಪ್ ಮಾಡ್ತಿದ್ದಾರಾ?”

ಹೇಳುವುದಿಲ್ಲವೆಂದು ಉರ್ವೆ ಮಾತು ಕೊಟ್ಟಿರಲಿಲ್ಲ. ಆದರೂ ಆ ಮಾತು ತಮ್ಮ ಬಾಯಿಂದ ಬರಬಾರದು ಎನಿಸಿತು. “ನಿಮ್ಮಜ್ಜಿನ ಕೇಳು,” ಎಂದರು.

ಅವನು ಹೋದ. ಮರಳಿ ಬಂದಾಗ ಕೈಗವಸು ಕೈಯಲ್ಲೇ ಇತ್ತು, ಮುಖ ಕೆಂಪಾಗಿತ್ತು. “ಒಬ್ಬರೂ ನಿಜವಲ್ವಾ?” ಎಂದು ಕೇಳಿದ.

“ಗೊತ್ತಿಲ್ಲ. ನಿನ್ನ ಹೆಸರು ಗೊತ್ತಿಲ್ಲದ ಬೀದಿಲಿ ಅಂಟಿಸಿ ನೋಡೋಣ.”

ಕೋಪದಲ್ಲೇ ಒಪ್ಪಿದ. ಊರಿನ ಇನ್ನೊಂದು ತುದಿಯಲ್ಲಿ, ಸೌದೆ ಒಲೆಗಳೇ ಇರುವ ಬೀದಿಗಳಲ್ಲಿ, ಹೊಸ ಕಾಗದ ಅಂಟಿಸಿದರು. ಸೌದೆ ಬೇಕೆಂದು ಯಾರೂ ಕರೆ ಮಾಡಲಿಲ್ಲ. ಒಬ್ಬಾತ ಮಾತ್ರ ಫೋನಿಸಿ, ಗೋಡೆಗೆ ಬಣ್ಣ ಬಳಿದು ಇನ್ನೂ ಆರಿಲ್ಲ, ಅದರ ಮೇಲೆ ಅಂಟಿಸಿದವರು ಯಾರು ಎಂದು ಬೈದ. ಟಾನೆಲ್ ತಾನೇ ಹೋಗಿ ಕಾಗದ ಕಿತ್ತ. ಫ್ಲಾಟ್ ಮಾರಲಿಲ್ಲ. ಲಿಫ್ಟ್ ಕೆಲಸಕ್ಕೆ ದಿನಾ ಹೋಗುತ್ತಿದ್ದಾನೆ. ಹೆಲ್ಗಿಯ ಮನೆಗೆ ಸೌದೆ ಈಗಲೂ ಅವನೇ ಹೊರುತ್ತಾನೆ, ಆದರೆ ಬಹಳ ದಿನ ಕಾಫಿಗೆ ನಿಲ್ಲುತ್ತಿರಲಿಲ್ಲವಂತೆ. ಉರ್ವೆಯ ಜೊತೆ ಅವನು ಮತ್ತೆ ಮಾತಾಡಿಲ್ಲ. ಮೊನ್ನೆ ಇದೇ ಕಟ್ಟಡದ ಲಿಫ್ಟ್ ಕೆಟ್ಟಾಗ ರಿಪೇರಿಗೆ ಬಂದಿದ್ದ. ತಲೆಯಾಡಿಸಿದ, ಅಷ್ಟೆ.

ಇದರಿಂದ ನೋವಾಯಿತೇ ಎಂದು ಕೇಳಿದರೆ ಉರ್ವೆ ಬೆಣ್ಣೆ ಚಾಕುವನ್ನು ಒರೆಸುತ್ತಾರೆ. “ಕಟ್ಟಿದವರಿಗೆ ಫೋಟೊ ತೆಗೀತಾರೆ. ಕಟ್ಟಬೇಡ ಅಂದವಳನ್ನ ಯಾರು ನೆನೆಸ್ಕೋತಾರೆ? ಅವನ ಮನೆ ಅವನಿಗಿದೆ. ಅವನ ಜೊತೆ ಮಾತಾಡೋ ಅಜ್ಜಿ ಇದ್ದಾಳೆ. ಸಾಕು.”

ಫೋನು ಮತ್ತೆ ಗುಂಯ್‌ಗುಡುತ್ತದೆ. ಈ ಸಲ ಬರಹವಲ್ಲ, ಕರೆ. ಗಂಡಸಿನ ದನಿ ಕೋಣೆಯ ಈ ತುದಿಗೂ ಕೇಳುತ್ತದೆ: ಹೋಟೆಲಿನ ಅಡುಗೆಮನೆಯಂತೆ, ಚಾಕುಗಳೆಲ್ಲ ಮೊಂಡಂತೆ, ಎಷ್ಟು ಹೊತ್ತಿಗೆ ಬರುತ್ತೀರಿ, ಎಷ್ಟಾಗುತ್ತೆ, ಅಷ್ಟ್ಯಾಕೆ, ಹೋದ ಸಲ ಬಂದವನು ಹಾಳು ಮಾಡಿಹೋದ, ನೀವೂ ಹಾಗೇ ಮಾಡಿದರೆ ಒಂದು ಪೈಸೆ ಕೊಡಲ್ಲ. ಉರ್ವೆ ನಡುವೆ ಬಾಯಿ ಹಾಕದೆ ಬೈಗುಳವನ್ನೆಲ್ಲ ಕೇಳಿಸಿಕೊಳ್ಳುತ್ತಾರೆ. ವಿಳಾಸ ಬರೆದುಕೊಳ್ಳುತ್ತಾರೆ. ಫೋನಿಟ್ಟ ಮೇಲೂ ಅನುಮಾನದಿಂದ ಅದನ್ನೇ ನೋಡುತ್ತ ಕೂರುತ್ತಾರೆ.

“ಇವನು ಯಾರ ನೆಂಟನೂ ಇರಲಾರ,” ಎನ್ನುತ್ತಾರೆ. ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಾರೆ. “ನಂಗೊಂದೇ ಆಸೆ. ಇಂಥವರು ಇನ್ನೊಂದು ಹತ್ತು ಜನ ಬೈಯಲಿ. ಒಂದು ಸಲನಾದ್ರೂ ಆ ಹುಡುಗರ ಹತ್ರ ಹೋಗಿ, ಕಟ್ರೋ ಅಂತ ನಾನೇ ಹೇಳ್ಬೇಕು.”