ಒಂದು ಸಲಕ್ಕೆ ಒಂದೇ ಮಗು

ಮಾಭೇಲೆಯ ಮಾತನ್ನು ಹತ್ತು ವರ್ಷ ಯಾರೂ ಅಚ್ಚು ಹಾಕುವಂತಿರಲಿಲ್ಲ. ಹಾಕಿದವರಿಗೂ ಜೈಲು. ಈಗ ಆ ಕಾನೂನು ಸತ್ತಿದೆ, ಅವಳೂ ಸತ್ತಿದ್ದಾಳೆ, ನಾನಿನ್ನೂ ಇದ್ದೇನೆ. ಅವಳು ಅಂದದ್ದನ್ನು ಅಂದ ಹಾಗೇ ಬರೆಯುತ್ತೇನೆ.

ಹೆಸರು ನೊಝಿಬೆಲೆ ಲುಡೀಡಿ. ತವರಿನ ಕುಲದ ಹೆಸರು ಹಿಡಿದು ಎಲ್ಲರೂ ಮಾಭೇಲೆ ಎನ್ನುತ್ತಿದ್ದರು. ಪೋರ್ಟ್ ಎಲಿಜಬೆತ್ತಿನ ಹೊರಗೆ, ಕರಿಯರು ಇರಲೆಂದು ಸರ್ಕಾರ ಸಾಲಾಗಿ ಕಟ್ಟಿಸಿದ ನಮ್ಮ ಕೇರಿಯಲ್ಲಿ, ಚರ್ಚಿನ ಹಿಂದಿನ ಹಾಲಿನಲ್ಲಿ ಹತ್ತೊಂಬತ್ತು ವರ್ಷ ಶಿಶುವಿಹಾರ ನಡೆಸಿದವಳು. ದಪ್ಪ ಹೆಂಗಸು, ದೊಡ್ಡ ಗಂಟಲು, ಮಂಡಿ ನೋವು. ಮಕ್ಕಳನ್ನು ಮುದ್ದು ಮಾಡುವ ಅಭ್ಯಾಸವಿರಲಿಲ್ಲ. ಕೆಲಸ ಕೊಡುತ್ತಿದ್ದಳು.

ಡಿಸೆಂಬರ್ ಬಂತೆಂದರೆ ಸುಡುಬಿಸಿಲು, ಸಮುದ್ರದಿಂದ ಮರಳು ಹೊತ್ತು ತರುವ ಗಾಳಿ, ಕ್ರಿಸ್ಮಸ್. ಮಾಭೇಲೆ ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದಳು. ಕಿತ್ತಳೆ ಪ್ಯಾಕ್ ಮಾಡುವ ಶೆಡ್ಡಿಗೆ ಹೋಗುವ ಹೆಂಗಸರು ಹಣ್ಣಿಗೆ ಸುತ್ತುವ ನೇರಳೆ, ಕೆಂಪು ತೆಳುಕಾಗದ ತಂದುಕೊಡುತ್ತಿದ್ದರು. ಮೂರು ವರ್ಷದ ಕೂಸೂ ಒಂದು ಪಟ್ಟಿ ಹರಿದು, ತುದಿಗೆ ತುದಿ ಅಂಟಿಸಿ, ಬಳೆ ಮಾಡಿ, ಹಿಂದಿನವನು ಮಾಡಿದ ಬಳೆಯೊಳಗೆ ತೂರಿಸಬೇಕು. ಹಾಗೆ ಹಾಲಿನ ಈ ಗೋಡೆಯಿಂದ ಆ ಗೋಡೆಗೆ ಸರಪಳಿ. ಸಿಗರೇಟು ಪೊಟ್ಟಣದ ಬೆಳ್ಳಿ ಹಾಳೆಯಿಂದ ಕಿರೀಟ, ಮುಸುಕಿನ ಜೋಳದ ಸಿಪ್ಪೆಯಿಂದ ದೇವದೂತರ ರೆಕ್ಕೆ. ಇನ್ನೊಂದು ಮೂಲೆಯಲ್ಲಿ ಶುಂಠಿ ಜಜ್ಜುವ ಮಕ್ಕಳು, ಕಣ್ಣುಜ್ಜಿಕೊಂಡು ಉರಿ ಉರಿ ಎಂದು ಅಳುತ್ತಾ. ಶುಂಠಿ, ಸಕ್ಕರೆ, ಈಸ್ಟು, ಅನಾನಸ್ ಸಿಪ್ಪೆ, ಒಣದ್ರಾಕ್ಷಿ ಹಾಕಿ ಬಕೆಟ್ಟಿಗೆ ಬಟ್ಟೆ ಕಟ್ಟಿಟ್ಟರೆ ಎರಡು ದಿನಕ್ಕೆ ದ್ರಾಕ್ಷಿ ಮೇಲೆ ತೇಲಬೇಕು. ತೇಲಿತೆಂದರೆ ಗೆಮೆರೆ ಕುಡಿಯಲು ಸಿದ್ಧ. ಹಬ್ಬದ ದಿನ ಹೊಸ ಬಟ್ಟೆ ತೊಟ್ಟ ಮಕ್ಕಳು ಗುಂಪು ಗುಂಪಾಗಿ ಮನೆಮನೆಗೆ ಬಂದು "ಕ್ರಿಸ್ಮಸ್ ಕೊಡಿ!" ಎಂದು ಕೂಗಿದರೆ ಒಂದು ಲೋಟ ಗೆಮೆರೆ, ಒಂದು ಬನ್ನು.

ಕರಿಯರ ಹಕ್ಕಿಗಾಗಿ ಹೋರಾಡುತ್ತಿದ್ದ ನಮ್ಮ ಸಂಘಟನೆಯನ್ನು ಸರ್ಕಾರ ನಿಷೇಧಿಸಿದ ಮೇಲೆ ಗಂಡಸರನ್ನು ರಾಶಿ ರಾಶಿಯಾಗಿ ಒಳಗೆ ಹಾಕಿದರು. ಅವರ ಮಕ್ಕಳಿಗೆ ಮಾಭೇಲೆ ಊಟ ಹಾಕಿದಳು. ಮಕ್ಕಳ ಹೆಸರಿನ ಪಟ್ಟಿ ಕೊಡು ಎಂದು ಪೊಲೀಸರು ಕೇಳಿದಾಗ "ಮರೆತುಹೋಯ್ತು" ಎಂದಳು. ಅರುವತ್ನಾಲ್ಕರ ಮಾರ್ಚಿನಲ್ಲಿ ಅವಳಿಗೆ ಐದು ವರ್ಷದ ನಿರ್ಬಂಧದ ಕಾಗದ ಬಂತು. ಶಾಲೆಯ ಹೊಸ್ತಿಲು ತುಳಿಯುವಂತಿಲ್ಲ. ಯಾರಿಗೂ ಏನೂ ಕಲಿಸುವಂತಿಲ್ಲ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ, ಶನಿವಾರ, ಭಾನುವಾರ, ಹಬ್ಬದ ದಿನ ಪೂರ್ತಿ, ಮನೆಯೊಳಗೇ ಇರಬೇಕು. ಮನೆಯವರನ್ನು ಬಿಟ್ಟು ಒಂದು ಸಲಕ್ಕೆ ಒಬ್ಬರಿಗಿಂತ ಹೆಚ್ಚು ಜನರೊಂದಿಗೆ ಇರುವಂತಿಲ್ಲ. ಇದ್ದರೆ ಅದು ಸಭೆ. ಸಭೆಗೆ ಜೈಲು.

ಮನೆಯವರು ಅಂತ ಅವಳಿಗಿದ್ದದ್ದು ಒಂದೇ ಜೀವ, ಸತ್ತ ಮಗಳ ಮಗಳು ಲುಲಾಮಾ. ಮನೆಯ ಪರ್ಮಿಟ್ ಮಾಭೇಲೆಯ ಹೆಸರಿನಲ್ಲಿತ್ತು. ಅವಳು ಜೈಲಿಗೆ ಹೋದರೆ ತಿಂಗಳೊಳಗೆ ಮನೆ ಬೇರೆಯವರಿಗೆ. ಹುಡುಗಿಯನ್ನು ಲಾರಿ ಹತ್ತಿಸಿ, ಅವಳು ಹುಟ್ಟಿದಂದಿನಿಂದ ಕಂಡಿರದ ಯಾವುದೋ ಬೋಳುಗುಡ್ಡದ ಮೇಲೆ ಇಳಿಸುತ್ತಾರೆ. ಇದು ನಮ್ಮೆಲ್ಲರಿಗೂ ಗೊತ್ತಿತ್ತು. ಲುಲಾಮಾಗೂ ಗೊತ್ತಿತ್ತು.

ಮೊದಲ ವರ್ಷ ಹಬ್ಬಕ್ಕೆ ಬಂದ ಮಕ್ಕಳನ್ನು ಮಾಭೇಲೆ ಗೇಟಿನಲ್ಲೇ ಗದರಿ ಓಡಿಸಿದಳು. ಎರಡನೆಯ ವರ್ಷಕ್ಕೆ ಉಪಾಯ ಹೂಡಿದಳು. ಹಬ್ಬದ ಹಿಂದಿನ ದಿನ ಮಧ್ಯಾಹ್ನ ಮಕ್ಕಳು ಗೇಟಿನ ಹೊರಗೆ ರಸ್ತೆಯಲ್ಲಿ ಸಾಲು ನಿಲ್ಲಬೇಕು. "ನಮ್ಮನೆ ಬಾಗಿಲಿಗೆ ಬಾಯಿ ಚಿಕ್ಕದು. ಒಂದು ಸಲಕ್ಕೆ ಒಂದೇ ಮಗು ನುಂಗ್ತದೆ. ಅದನ್ನ ಉಗುಳಿದ ಮೇಲೇ ಇನ್ನೊಂದು" ಎಂದಳು. ಮಕ್ಕಳಿಗೆ ಅದೇ ಆಟವಾಯಿತು. ಒಂದು ಮಗು ಒಳಗೆ ಹೋಗಿ ಒಂದು ಬಳೆ ಅಂಟಿಸಿ, ಬನ್ನು ಹಿಡಿದು ಹೊರಗೆ ಬಂದು "ಉಗುಳ್ತು!" ಎಂದು ಕಿರುಚುತ್ತಿತ್ತು. ಮುಂದಿನದು ಒಳಕ್ಕೆ ಓಡುತ್ತಿತ್ತು. ಕಲಿಸುವಂತಿಲ್ಲವಲ್ಲ, ಹಾಗಾಗಿ ಮಾಭೇಲೆ ಬಾಯಿ ಬಿಡುತ್ತಿರಲಿಲ್ಲ. ತನ್ನ ಪಾಡಿಗೆ ಒಂದು ಬಳೆ ಮಾಡುತ್ತಿದ್ದಳು. ಮಗು ನೋಡಿ ಮಾಡುತ್ತಿತ್ತು.

ಅವಳನ್ನು ಕಾಯುತ್ತಿದ್ದವನು ಪತ್ತೇದಾರಿ ಸಾರ್ಜೆಂಟ್ ಹೋಝಾ, ನಮ್ಮವನೇ. ಅವನ ಹಿರಿಮಗಳು ಮಾಭೇಲೆಯ ಕೈಯಲ್ಲೇ ಕತ್ತರಿ ಹಿಡಿಯಲು ಕಲಿತದ್ದು. ಎದುರು ಮನೆಯ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ: ಒಂದು ಮಗು ಒಳಗಿದ್ದಾಗ ಹೋಝಾ ನುಗ್ಗಿದ.

"ಆಚೆ ಹೋಗು ಹೋಝಾ" ಎಂದಳು ಮಾಭೇಲೆ. "ಮಗು ಒಂದು, ನೀನೊಂದು. ಎರಡಾಯ್ತು. ನನ್ ಕೈಲಿ ಸಭೆ ಮಾಡಿಸ್ತಿದೀಯ."

"ನಾನು ಲೆಕ್ಕಕ್ಕಿಲ್ಲ. ನಾನು ಮನುಷ್ಯ ಅಲ್ಲ, ಕಾನೂನು."

"ಮೊದಲನೇದು ನಂಗೆ ಯಾವತ್ತೋ ಗೊತ್ತಿತ್ತು ಬಿಡು."

ರಸ್ತೆಯೆಲ್ಲ ನಕ್ಕಿತು. ಹೋಝಾನೂ ನಕ್ಕ. ನಕ್ಕವನು ಮರೆಯಲಿಲ್ಲ.

ಅರುವತ್ತೆಂಟರ ಡಿಸೆಂಬರ್ ಇಪ್ಪತ್ನಾಲ್ಕು. ಐದು ವರ್ಷದಲ್ಲಿ ಉಳಿದದ್ದು ಮೂರು ತಿಂಗಳು. ಸಾಲಿನಲ್ಲಿ ಆ ವರ್ಷ ಹೊಸದಾಗಿ ನೊವಿನೀಲೆ ಅಜ್ಜಿಯ ಮೊಮ್ಮಕ್ಕಳು ನಿಂತಿದ್ದರು. ಝೋಲೆಕಾ ಮತ್ತು ಝಿಮಾಸಾ, ನಾಲ್ಕು ವರ್ಷದ ಅವಳಿ ಹುಡುಗಿಯರು. ನಮ್ಮ ಹಿರಿಯರ ಲೆಕ್ಕದಲ್ಲಿ ಅವಳಿ ಎಂದರೆ ಎರಡು ಮೈಯ ಒಂದು ಜೀವ. ಒಬ್ಬಳಿಗೆ ಜ್ವರ ಬಂದರೆ ಇಬ್ಬರಿಗೂ ಕಷಾಯ. ಒಬ್ಬಳು ತಪ್ಪು ಮಾಡಿದರೆ ಇಬ್ಬರಿಗೂ ಏಟು. ಅವರನ್ನು ಬಿಡಿಸಿ ಎಣಿಸಿದರೆ ಒಬ್ಬಳು ಉಳಿಯುವುದಿಲ್ಲ ಎಂಬ ಹೆದರಿಕೆ ಬೇರೆ. ಸಾಲಿನ ಮಕ್ಕಳಿಗೂ ಅದು ಸಹಜವಾಗಿತ್ತು. ಇವರ ಸರದಿ ಬಂದಾಗ ಹಿಂದಿನ ಹುಡುಗ "ಈಗ ಅವಳಿ, ಆಮೇಲೆ ನಾನು" ಎಂದ. ಕೈ ಕೈ ಹಿಡಿದು ಇಬ್ಬರೂ ಒಳಗೆ ಹೋದರು. ಒಂದು ಬನ್ನು ತೆಗೆದು ಎರಡು ಹೋಳು ಮಾಡಿ ಇಟ್ಟಳು ಮಾಭೇಲೆ. ಅದು ತಪ್ಪು ಅಂತ ಆಕೆಗೆ ಅನ್ನಿಸಲೇ ಇಲ್ಲ. ಎದುರು ಕಿಟಕಿಯಲ್ಲಿ ನಿಂತು ಪ್ರತಿ ಮಗುವನ್ನೂ ಎಣಿಸುತ್ತಿದ್ದ ನನಗೂ ಅನ್ನಿಸಲಿಲ್ಲ.

ಹೋಝಾ ಬಾಗಿಲಲ್ಲಿ ನಿಂತು ಬೆರಳಲ್ಲಿ ಎಣಿಸಿದ. "ಒಂದು. ಎರಡು."

"ಅವಳಿ ಕಣೋ ಅವು" ಎಂದಳು ಮಾಭೇಲೆ. "ನಿಮ್ಮಮ್ಮ ನಿಂಗೆ ಹೇಳ್ಕೊಟ್ಟಿಲ್ವಾ?"

"ನಮ್ಮಮ್ಮ ನಂಗೆ ಸಂಬಳ ಕೊಡಲ್ಲ ಮಾಭೇಲೆ. ಚಪ್ಪಲಿ ಹಾಕ್ಕೋ, ನಡಿ."

ಜಾಮೀನಿನ ಮೇಲೆ ಬಿಟ್ಟರು. ಕೇಸು ಜನವರಿಗೆ. ನಗರದಿಂದ ಬಂದ ವಕೀಲ ಸುತ್ತು ಬಳಸದೆ ಹೇಳಿದ: ಒಳಗೆ ಇಬ್ಬರಿದ್ದರು ಎಂದು ಒಪ್ಪಿಕೊಂಡರೆ ಒಂದು ವರ್ಷದ ಶಿಕ್ಷೆ ಬರೆದು ಅಮಾನತಿನಲ್ಲಿಡುತ್ತಾರೆ, ಮತ್ತೆ ತಪ್ಪು ಮಾಡದಿದ್ದರೆ ಜೈಲಿಲ್ಲ. ಒಬ್ಬರೇ ಎಂದು ಹಟ ಹಿಡಿದರೆ ಬಿಳಿಯ ಮ್ಯಾಜಿಸ್ಟ್ರೇಟ್ ಅವಳಿಯ ಲೆಕ್ಕ ಕೇಳಿ ನಗುತ್ತಾನೆ, ಆಮೇಲೆ ಒಳಗೆ ಕಳಿಸುತ್ತಾನೆ.

ಸಂಘಟನೆಯವರಲ್ಲಿ ಜೈಲಿನ ಹೊರಗೆ ಉಳಿದಿದ್ದ ನಾವು ಮೂವರೂ ಬೇರೆ ಯೋಚನೆ ಮಾಡಿದೆವು. ಮುದುಕಿಯೊಬ್ಬಳು ಕೋರ್ಟಿನಲ್ಲಿ ನಿಂತು "ಒಂದು" ಎಂದು ಜೈಲಿಗೆ ಹೋದರೆ ಸತ್ತು ಬಿದ್ದಿದ್ದ ಕೇರಿ ಎದ್ದು ಕೂರುತ್ತದೆ ಎಂದುಕೊಂಡೆವು. ನೊವಿನೀಲೆ ಅಜ್ಜಿಯದೂ ಅದೇ ಮಾತು, ಕಾರಣ ಬೇರೆ. "ನನ್ ಮಕ್ಕಳನ್ನ ಕೋರ್ಟಲ್ಲಿ ಸೀಳಬೇಡ ತಾಯೀ" ಎಂದು ಬೇಡಿಕೊಂಡಿದ್ದಳು.

ನಾವು ಮೂವರೂ ಒಟ್ಟಿಗೆ ಹೋಗುವಂತಿಲ್ಲ. ಒಬ್ಬೊಬ್ಬರಾಗಿ ಹೋದೆವು. ಒಬ್ಬ ಬಂದು ಭಾಷಣ ಮುಗಿಸಿ ಎದ್ದರೆ ಇನ್ನೊಬ್ಬ ಬಂದು ಅದನ್ನೇ ಮೊದಲಿಂದ ಶುರುಮಾಡಬೇಕು. ಕೊನೆಗೆ ನನ್ನ ಸರದಿ ಬಂದಾಗ ಅವಳಿಗೆ ಎಲ್ಲ ಬಾಯಿಪಾಠವಾಗಿತ್ತು.

"ಜನ ಎದ್ದು ನಿಲ್ತಾರೆ ಅಂತೀಯ, ಅಲ್ವಾ? ಮುಂದಕ್ಕೆ ಹೇಳು."

"ಒಂದು ವರ್ಷ ತಾನೇ ಅಕ್ಕಾ."

"ನಂಗೆ ಒಂದು ವರ್ಷ. ಈ ಹುಡುಗಿಗೆ?" ಲುಲಾಮಾ ಮೂಲೆಯಲ್ಲಿ ಬಟಾಣಿ ಬಿಡಿಸುತ್ತಾ ಕೂತಿದ್ದಳು. "ನಿನ್ ಪರ್ಮಿಟ್ಟಲ್ಲಿ ಇವಳ ಹೆಸರು ಬರೆಸ್ತೀಯಾ?"

ಬರೆಸುವಂತಿರಲಿಲ್ಲ. ಬಾಡಿಗೆದಾರಳಾಗಿ ಇನ್ನೊಬ್ಬರ ಪರ್ಮಿಟ್ಟಿನಲ್ಲಿ ಬದುಕಿದ್ದವಳು ನಾನು. ಅವಳಿಗದು ಗೊತ್ತಿದ್ದೇ ಕೇಳಿದ್ದು.

"ಹಂಗಾದ್ರೆ ಬಾಯಿ ಮುಚ್ಕೊಂಡು ಚಾ ಕುಡಿ."

"ನೊವಿನೀಲೆ ಅಜ್ಜಿಗೆ ಏನು ಹೇಳ್ತೀಯ?"

ಅವಳು ಮಂಡಿ ತಿಕ್ಕಿಕೊಂಡಳು.

ಕೋರ್ಟಿನಲ್ಲಿ ನಾವು ಹಿಂದಿನ ಬೆಂಚಿನಲ್ಲಿ ಕೂತಿದ್ದೆವು. ಮುಂದಿನ ಬೆಂಚಿನಲ್ಲಿ ನೊವಿನೀಲೆ ಅಜ್ಜಿ, ಎರಡು ಪಕ್ಕಕ್ಕೆ ಒಂದೇ ಬಟ್ಟೆಯಲ್ಲಿ ಹೊಲಿದ ಫ್ರಾಕು ತೊಟ್ಟ ಅವಳಿ. ಮ್ಯಾಜಿಸ್ಟ್ರೇಟ್ ಕೇಳಿದ್ದನ್ನು ದುಭಾಷಿ ನಮ್ಮ ಭಾಷೆಯಲ್ಲಿ ಹೇಳಿದ: ಆ ಹೊತ್ತಿನಲ್ಲಿ ನಿನ್ನ ಕೋಣೆಯಲ್ಲಿ ಎಷ್ಟು ಮಕ್ಕಳಿದ್ದರು? ದುಭಾಷಿಯೂ ನಮ್ಮವನೇ. ಎರಡನೇ ಸಲ ಕೇಳುವಾಗ ಅವನ ದನಿ ತಗ್ಗಿತು. ಎರಡು ಕೈಯಲ್ಲಿ ಕಟಕಟೆಯ ಕಂಬಿ ಹಿಡಿದುಕೊಂಡು, ಮಕ್ಕಳ ಕಡೆ ನೋಡದೆ, ಮಾಭೇಲೆ ಹೇಳಿದಳು.

"ಇಬ್ಬರು."

ನೊವಿನೀಲೆ ಅಜ್ಜಿ ಎದ್ದಳು. ಎರಡೂ ಮಕ್ಕಳ ಕೈ ಹಿಡಿದು, ಬೆಂಚುಗಳ ನಡುವೆ ಕೋಲು ಊರುತ್ತಾ, ತೀರ್ಪು ಕೇಳದೆ ಹೊರಟುಹೋದಳು. ನಾನು ಆವತ್ತು ಮಾಭೇಲೆಯನ್ನು ಹೇಡಿ ಎಂದೆ. ಬೀದಿಯಲ್ಲಿ ನಿಂತು, ಜೋರಾಗಿ. ಈಗಲಾದರೂ ಒಪ್ಪಿಕೊಳ್ಳಬೇಕು: ನಮಗೆ ಬೇಕಾಗಿದ್ದದ್ದು ಒಬ್ಬ ಹುತಾತ್ಮೆ. ಅವಳಿಗೆ ಬೇಕಾಗಿದ್ದದ್ದು ಒಂದು ಹುಡುಗಿ ಮಲಗುವ ಹಾಸಿಗೆ.

ಮಾರ್ಚಿನಲ್ಲಿ ಐದು ವರ್ಷ ಮುಗಿಯಿತು. ಮುಗಿದ ದಿನ ಅವಳು ಒಳ್ಳೆಯ ಟೋಪಿ ಹಾಕಿಕೊಂಡು ಚರ್ಚಿನ ಹಾಲಿನ ತನಕ ಹೋಗಿಬರುತ್ತೇನೆಂದು ಹೊರಟಿದ್ದಳು. ಗೇಟಿನಲ್ಲೇ ಇಬ್ಬರು ಬಿಳಿ ಅಧಿಕಾರಿಗಳು ಹೊಸ ಕಾಗದ ಕೊಟ್ಟರು. ಇನ್ನೂ ಐದು ವರ್ಷ, ಅವೇ ಷರತ್ತುಗಳು. ಮೇಲೆ ಅಮಾನತಿನ ಒಂದು ವರ್ಷ ಕತ್ತಿನ ಮೇಲೆ ತೂಗುತ್ತಿತ್ತು. ಅವಳು ಕಾಗದ ಮಡಚಿ ಟೋಪಿಯೊಳಗಿಟ್ಟು, ತಿರುಗಿ ಒಳಗೆ ನಡೆದಳು.

ಆ ವರ್ಷ ಪೂರ್ತಿ ನೊವಿನೀಲೆ ಅಜ್ಜಿ ಅವಳ ಮನೆ ಮುಂದೆ ಬರಬೇಕಾದರೆ ರಸ್ತೆಯ ಆಚೆ ಬದಿ ಹಿಡಿಯುತ್ತಿದ್ದಳು. ಮಳೆಗಾಲದಲ್ಲಿ ಝೋಲೆಕಾಗೆ ಕೆಮ್ಮು ಹತ್ತಿ ಎರಡು ವಾರ ಆಸ್ಪತ್ರೆಯಲ್ಲಿದ್ದಳು. ಕೋರ್ಟಿನಲ್ಲಿ ಮಾಭೇಲೆ ಬಿಡಿಸಿ ಎಣಿಸಿದ್ದೇ ಕಾರಣ ಎಂದು ಕೇರಿಯಲ್ಲಿ ಎಲ್ಲರೂ ಹೇಳಿದರು. ಕೆಮ್ಮು ಅರ್ಧ ಕೇರಿಗೆ ಹತ್ತಿತ್ತು, ಅದನ್ನು ಯಾರೂ ಹೇಳಲಿಲ್ಲ.

ಡಿಸೆಂಬರ್ ಬಂತು. ಈ ಸಲ ಬೇಡವೆಂದು ಮಾಭೇಲೆ ತೀರ್ಮಾನಿಸಿದ್ದಳಂತೆ. ಲುಲಾಮಾ ಬಿಡಲಿಲ್ಲ. ಬಕೆಟ್ಟು ತೊಳೆದು ತಾನೇ ಶುಂಠಿ ಜಜ್ಜಲು ಕೂತಳು. ಇಪ್ಪತ್ನಾಲ್ಕರ ಮಧ್ಯಾಹ್ನ ಮೂರು ಗಂಟೆಗೆ ಮಕ್ಕಳು ಯಾರೂ ಹೇಳದೆ ರಸ್ತೆಯಲ್ಲಿ ಸಾಲು ನಿಂತರು. ಬಾಗಿಲು ನುಂಗಿತು, ಉಗುಳಿತು. ಆರು ಮಕ್ಕಳ ಆರು ಬಳೆ ಆಯಿತು. ಹೋಝಾ ಮೂಲೆ ಅಂಗಡಿಯ ನೆರಳಲ್ಲಿ ಹ್ಯಾಟು ಬೀಸಿಕೊಳ್ಳುತ್ತಾ ನಿಂತಿದ್ದ.

ಆಗ ನೊವಿನೀಲೆ ಅಜ್ಜಿ ಬಂದಳು, ಅವಳಿಯನ್ನು ಕರೆದುಕೊಂಡು. ಸಾಲು ಜಾಗ ಬಿಟ್ಟಿತು. ಅವಳು ಝೋಲೆಕಾಳ ತೋಳನ್ನು ಬಿಗಿಯಾಗಿ ಹಿಡಿದುಕೊಂಡು, ಝಿಮಾಸಾಳ ಬೆನ್ನಿಗೆ ಕೈ ಹಾಕಿ ಗೇಟಿನೊಳಕ್ಕೆ ದೂಡಿದಳು.

"ಇಬ್ಬರು ಅಂದಿಯಲ್ಲ ಮಾಭೇಲೆ" ಎಂದು ಕೂಗಿದಳು. "ತಗೋ. ಒಬ್ಬಳು."

ಆಸ್ಪತ್ರೆಯ ಆ ಎರಡು ವಾರ ಬಿಟ್ಟರೆ, ಆ ಮಕ್ಕಳು ಬೇರೆ ಬೇರೆ ಇದ್ದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಝೋಲೆಕಾ ಹೊರಗೆ ಅರಚಲು ಶುರುಮಾಡಿದಳು. ಕೆಮ್ಮಿ ಕೆಮ್ಮಿ ಅರಚುತ್ತಿದ್ದಳು. ಒಳಗೆ ಮಾಭೇಲೆ ಕೆಂಪು ಪಟ್ಟಿ ತೆಗೆದು, ಅಂಟು ಹಚ್ಚಿ, ಬಳೆ ಮಾಡಿ ತೋರಿಸಿದಳಂತೆ. ಝಿಮಾಸಾ ಮುಟ್ಟಲಿಲ್ಲ. ಬಾಗಿಲ ಕಡೆಗೇ ನೋಡುತ್ತಾ ನಿಂತಳು, ಅಳಲೂ ಇಲ್ಲ. ಸ್ವಲ್ಪ ಹೊತ್ತಿಗೆ ಕಾಲ ಕೆಳಗೆ ನೆಲ ಒದ್ದೆಯಾಯಿತು ಎಂದು ಲುಲಾಮಾ ಆಮೇಲೆ ನನಗೆ ಹೇಳಿದಳು.

ಮಾಭೇಲೆ ಬಟ್ಟೆ ತಂದು ಮಗುವಿನ ಕಾಲೊರೆಸಿದಳು. ಎರಡು ಕೈಗೆ ಎರಡು ಬನ್ನು ಕೊಟ್ಟಳು. "ಹೋಗು, ನಿನ್ನರ್ಧದ ಹತ್ರ ಹೋಗು" ಎಂದು ಹೊರಗೆ ಬಿಟ್ಟಳು.

ಗೇಟಿನಾಚೆ ಇಬ್ಬರೂ ಅಂಟಿಕೊಂಡರು. ನೊವಿನೀಲೆ ಅಜ್ಜಿ ಬಗ್ಗಿ ಎರಡು ಬನ್ನನ್ನೂ ನೋಡಿದಳು. ಒಂದನ್ನು ಮುರಿದು ಅರ್ಧರ್ಧ ಕೊಟ್ಟಳು. ಇನ್ನೊಂದನ್ನು ಗೇಟಿನಲ್ಲಿ ನಿಂತಿದ್ದ ಲುಲಾಮಾಳ ಕೈಗಿಟ್ಟಳು.

"ನಿಮ್ಮಜ್ಜಿಗೆ ಕೊಡು. ನಮ್ಮನೇಲಿ ಒಂದೇ ಮಗು ಇರೋದು, ಒಂದು ಸಾಕು ಅನ್ನು."

ಅವರು ರಸ್ತೆಯ ಆಚೆ ಬದಿ ಹಿಡಿದು ಹೋದರು. ಹೋಝಾ ಹ್ಯಾಟು ಬೀಸುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದ. ಮಾಭೇಲೆ ಬಾಗಿಲಿಗೆ ಬಂದು ಲುಲಾಮಾಳ ಕೈಯಿಂದ ಆ ಬನ್ನು ಇಸಿದುಕೊಂಡಳು. ನನ್ನ ಕಿಟಕಿಯ ಕಡೆ ಒಂದು ಸಲ ನೋಡಿದಳು. ನಾನು ಕೈ ಎತ್ತಲಿಲ್ಲ. ಎತ್ತಬೇಕಿತ್ತು.

ಆರಕ್ಕೆ ಹಾಕಬೇಕಾದ ಬಾಗಿಲನ್ನು ಆವತ್ತು ಅವಳು ಮೂರೂವರೆಗೇ ಹಾಕಿಕೊಂಡಳು. ಸಾಲಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದವು.