ಸೋನಾಬಾಯಿಯ ಕೈ

ಮೇ ತಿಂಗಳು ಬಂತೆಂದರೆ ಬೆಳಗಾವಿಯ ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ಖಾನಾಪುರದ ಕಡೆಯ ಹೆಂಗಸರು ಬುಟ್ಟಿಯಲ್ಲಿ ಮುತ್ತುಗದ ಎಲೆ ಹಾಸಿ ಕವಳಿಹಣ್ಣು ಮಾರಲು ಕೂರುತ್ತಾರೆ. ಕಪ್ಪು ಹಣ್ಣು, ತೊಟ್ಟಿನಲ್ಲಿ ಬಿಳಿ ಹಾಲು, ಮೂಗಿಗೆ ಅಡರುವ ಹುಳಿಸಿಹಿ ವಾಸನೆ. ಜನ ಒಂದೆರಡು ಬಾಯಿಗೆ ಹಾಕಿಕೊಂಡು ರುಚಿ ನೋಡಿ ಕೊಳ್ಳುತ್ತಾರೆ. ನಾನು ಮಾತ್ರ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತೇನೆ. ಆ ವಾಸನೆಯ ಬೆನ್ನಿಗೇ ಇನ್ನೊಂದು ವಾಸನೆ ಬರುತ್ತದೆ. ಒದ್ದೆ ಕೂದಲಿನದು, ಬಿಸಿ ರಕ್ತದ್ದು. ಅದು ಮೊದಲ ಸಲ ಬಂದಾಗ ನನಗೆ ಒಂಬತ್ತು ವರ್ಷ.

ನಮ್ಮ ಮನೆ ಖಾನಾಪುರದಿಂದ ಒಳಗೆ, ಕಾಡಿನ ಅಂಚಿನ ಸಣ್ಣ ಊರಿನಲ್ಲಿತ್ತು. ಮನೆಯಲ್ಲಿ ಅಜ್ಜಿ, ಅವ್ವ, ನಾನು. ಅಪ್ಪ ಬೆಳಗಾವಿಯ ಒಂದು ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ, ಶನಿವಾರ ಸಂಜೆ ಬರುತ್ತಿದ್ದ. ಬಾಜೂಮನೆಯಲ್ಲಿ ಸೋನಾಬಾಯಿ. ಗಂಡ ತೀರಿಕೊಂಡಿದ್ದ, ಒಬ್ಬಳೇ ಮಗಳು. ಮೋಟುಗೋಡೆಯ ಈಚೆಯಿಂದ ಅವ್ವ ಕನ್ನಡದಲ್ಲಿ ಹೇಳಿದರೆ ಆಚೆಯಿಂದ ಅವಳು ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ಉತ್ತರಿಸುವಳು. ನಗು ಬಂದಾಗ ಇಬ್ಬರೂ ಒಟ್ಟಿಗೇ ನಗುವರು. ಆದರೆ ಲಿಂಗಪೂಜೆ ತಪ್ಪಿಸದ ನನ್ನ ಅಜ್ಜಿ, ಮೀನು ಮಾಂಸ ತಿನ್ನುವವಳೆಂದು ಸೋನಾಬಾಯಿಯನ್ನು ಪಡಸಾಲೆ ದಾಟಿ ಒಳಗೆ ಬಿಡುತ್ತಿರಲಿಲ್ಲ. ಅವಳ ಚಹಾದ ಕಪ್ಪು ಬೇರೆ, ಅದು ಕಟ್ಟೆಯ ಗೂಡಿನಲ್ಲಿರುತ್ತಿತ್ತು. ಅವಳೇ ತೆಗೆದುಕೊಂಡು, ಕುಡಿದು, ಅವಳೇ ತೊಳೆದಿಡುತ್ತಿದ್ದಳು. ಅದು ತಪ್ಪೆಂದು ನನಗಂತೂ ಅನಿಸಿರಲಿಲ್ಲ. ಅವಳಿಗೆ ಏನನಿಸುತ್ತಿತ್ತೋ, ಯಾರೂ ಕೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಅವ್ವ, ಸೋನಾಬಾಯಿ, ನಾನು ಮೂವರೂ ಊರ ಹಿಂದಿನ ದಿನ್ನೆಗೆ ಕವಳಿಹಣ್ಣು ಹರಿಯಲು ಹೋದೆವು. ಹಾಗೇ ನಾಲ್ಕು ಕಟ್ಟಿಗೆ ತರಲೆಂದು ಸೋನಾಬಾಯಿಯ ಸೊಂಟದಲ್ಲಿ ಕುಡಗೋಲಿತ್ತು. ಅವ್ವ ಒಂದು ಪೊದೆಯೊಳಗೆ ಬಗ್ಗಿ ಕೈ ಹಾಕಿದ್ದಳು. ಪೊದೆಯ ಆ ಬದಿಯಲ್ಲಿ ಅದೇ ಹಣ್ಣನ್ನು ತಿನ್ನುತ್ತಿದ್ದ ಕರಡಿ ಎದ್ದು ನಿಂತಿತು. ಗುರುಗುಟ್ಟಲಿಲ್ಲ, ಓಡಿಸಿಕೊಂಡೂ ಬರಲಿಲ್ಲ. ಎರಡು ಕಾಲ ಮೇಲೆ ನಿಂತದ್ದೇ ಅವ್ವನ ತಲೆಯನ್ನು ತಬ್ಬಿಕೊಂಡಿತು. ಒಣಬಟ್ಟೆ ಹರಿದಂಥ ಸದ್ದು. ಅವ್ವನ ಕೂಗು ಅರ್ಧಕ್ಕೇ ನಿಂತುಹೋಯಿತು. ಅವಳನ್ನು ಕೆಡವಿ, ಎದೆಯ ಮೇಲೆ ಕೂತು ಮುಖವನ್ನು ಕಚ್ಚತೊಡಗಿತು. ಸೋನಾಬಾಯಿ ಸೀರೆ ಕಚ್ಚೆ ಬಿಗಿದು ಕುಡಗೋಲೆತ್ತಿ ಅದರ ಮೂತಿಗೆ ಹೊಡೆದಳು. ಮತ್ತೆ ಹೊಡೆದಳು. ಬಾಯಲ್ಲಿ ಹೊಲಸು ಬೈಗುಳ, ಕಣ್ಣಲ್ಲಿ ನೀರು. ಕರಡಿ ಅವಳ ಕಡೆ ತಿರುಗಿ ಒಂದು ಸಲ ಪಂಜ ಬೀಸಿತು. ಅವಳು ಬೀಳುತ್ತ ಬೀಳುತ್ತಲೇ ಮೂರನೆಯ ಏಟು ಹಾಕಿದಳು. ಅದು ಚೀರಿ, ಪೊದೆಗಳನ್ನು ಮುರಿದುಕೊಂಡು ಕೆಳಗೆ ಓಡಿತು. ನಾನು ನಿಂತಲ್ಲೇ ನಿಂತಿದ್ದೆ, ಕೈಯಲ್ಲಿ ಹಣ್ಣಿನ ಡಬ್ಬಿ ಹಿಡಿದೇ. ಸೋನಾಬಾಯಿ ಕುಂಟುತ್ತ ಬಂದು ನನ್ನ ಕೆನ್ನೆಗೆ ಛಟೀರನೆ ಬಾರಿಸಿದಳು. "ಪಳ! ರಸ್ತ್ಯಾಕ ಓಡು, ಮಂದೀನ ಕರಕೊಂಡ್ ಬಾ!"

ಓಡಿದೆ. ಕೆನ್ನೆ ಉರಿಯುತ್ತಿತ್ತು. ಅವ್ವನಿಗಾದದ್ದಕ್ಕಿಂತ ಆ ಏಟಿಗೇ ಅಳುತ್ತ ಓಡಿದೆನೆಂದು ಹೇಳಲು ಈಗಲೂ ನಾಚಿಕೆ. ರಸ್ತೆಯಲ್ಲಿ ಖಾನಾಪುರದ ಹೆಂಚು ತುಂಬಿಕೊಂಡ ಟೆಂಪೋ ಬರುತ್ತಿತ್ತು. ಅದರ ಡ್ರೈವರ್ ಇಮಾಮಸಾಬ ನಮಗೆ ಗುರುತಿನವನೇನಲ್ಲ. ನನ್ನ ಮಾತು ಅವನಿಗೆಷ್ಟು ತಿಳಿಯಿತೋ, ಹತ್ತಿರದ ಹೊಲದವರನ್ನು ಕೂಗಿ ಕರೆದು ದಿನ್ನೆ ಹತ್ತಿದ. ಕಂಬಳಿಯಲ್ಲಿ ಅವ್ವನನ್ನು ಹೊತ್ತು ತಂದಾಗ ಟೆಂಪೋದಲ್ಲಿ ಜಾಗವಿರಲಿಲ್ಲ. ಇಮಾಮಸಾಬ ಮೇಲೆ ಹತ್ತಿ ಹೆಂಚುಗಳನ್ನು ಎತ್ತೆತ್ತಿ ರಸ್ತೆಗೆ ಒಗೆಯತೊಡಗಿದ. ಡಾಂಬರಿನ ಮೇಲೆ ಕೆಂಪು ಹೆಂಚುಗಳು ಸಿಡಿದು ಚೂರಾಗುತ್ತಿದ್ದವು. ಯಾರೋ "ಮಾಲು ಹೋತಲ್ಲೋ" ಎಂದರು. "ಹೆಂಚು ಮತ್ತ ಸುಡತಾರ. ಮದಲ ಅಕ್ಕಾರನ್ನ ಏರಸ್ರಿ," ಎಂದ ಅವನು, ಒಗೆಯುವುದನ್ನು ನಿಲ್ಲಿಸದೆ.

ಖಾನಾಪುರದ ದವಾಖಾನೆಯಲ್ಲಿ ಡಾಕ್ಟರು ಬಟ್ಟೆ ಸುತ್ತಿ, ಸಲಾಯಿನ್ ಹಚ್ಚಿ, ಅಂಬ್ಯುಲೆನ್ಸಿಗೆ ಕಾಯುವಷ್ಟು ಹೊತ್ತಿಲ್ಲ, ಇದೇ ಗಾಡಿಯಲ್ಲಿ ಬೆಳಗಾವಿಗೆ ಒಯ್ಯಿರಿ ಎಂದರು. ಸೋನಾಬಾಯಿಯ ಅಂಗೈಯನ್ನು ಅವ್ವನ ನೆತ್ತಿಯ ಮೇಲಿಟ್ಟು, "ಹಿಂಗ ಒತ್ತಿ ಹಿಡೀರಿ, ಬೆಳಗಾವಿ ಮುಟ್ಟೂತನ ಬಿಡಬ್ಯಾಡ್ರಿ," ಎಂದರು. ದಾರಿಯುದ್ದಕ್ಕೂ ಅವಳು ಹಾಗೇ ಒತ್ತಿದಳು. ಗಾಡಿ ತಗ್ಗಿಗೆ ಬಿದ್ದಾಗೆಲ್ಲ ಅವ್ವ ನರಳುತ್ತಿದ್ದಳು, ಬೆರಳ ಸಂದಿಯಿಂದ ರಕ್ತ ಉಕ್ಕುತ್ತಿತ್ತು. ಇವಳೇ ಅವ್ವನನ್ನು ಕೊಲ್ಲುತ್ತಿದ್ದಾಳೆ ಅನಿಸಿತು ನನಗೆ. ಆ ಕೈಯನ್ನು ಎಳೆದೆ, ಗುದ್ದಿದೆ, ಕೊನೆಗೆ ಮೊಣಕೈಯ ಹತ್ತಿರ ಹಲ್ಲು ನೆಡುವಂತೆ ಕಚ್ಚಿದೆ. ಸೋನಾಬಾಯಿ ಕೊಸರಲಿಲ್ಲ. "ಕಚ್ಚು ಪೋರಿ, ಬೇಕಾದಷ್ಟ್ ಕಚ್ಚು. ಕೈ ಮಾತ್ರ ತಗಿಯಾಂಗಿಲ್ಲ ನಾ."

ನೆಹರು ನಗರದ ದೊಡ್ಡ ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೊಯ್ಯುವಾಗ ಆ ಬೆರಳುಗಳು ಬಿಚ್ಚಲಿಲ್ಲ. ನರ್ಸೊಬ್ಬಳು ಒಂದೊಂದೇ ಬೆರಳನ್ನು ತಿಕ್ಕಿ ಬಿಡಿಸಬೇಕಾಯಿತು. ಸುದ್ದಿ ತಿಳಿದು ಅಪ್ಪನ ಜೊತೆ ಪ್ರೆಸ್ಸಿನ ನಾಲ್ಕು ಮಂದಿ ಕೈಯ ಮಸಿಯನ್ನೂ ತೊಳೆಯದೆ ಓಡಿಬಂದು ರಕ್ತ ಕೊಟ್ಟರು. ಆಮೇಲೆಯೇ ಯಾರೋ ನೋಡಿದ್ದು, ಸೋನಾಬಾಯಿ ನಿಂತಲ್ಲಿ ಫರಶಿಯ ಮೇಲೆ ರಕ್ತ ಮಡುಗಟ್ಟಿತ್ತು. ಕರಡಿಯ ಪಂಜ ಅವಳ ತೊಡೆಯನ್ನು ಸೀಳಿತ್ತು. ಅಷ್ಟು ಹೊತ್ತೂ ಅದು ಅವ್ವನ ರಕ್ತವೆಂದೇ ನಾವೆಲ್ಲ ತಿಳಿದಿದ್ದೆವು. ಅವಳು ಗೋಡೆಗೆ ಒರಗಿ ಕುಸಿದು ಕೂತಳು.

ಅವಳು ಎಂಟು ದಿನಕ್ಕೆ ಊರಿಗೆ ಬಂದಳು, ಅವ್ವ ಎರಡೂವರೆ ತಿಂಗಳಿಗೆ. ಸೋನಾಬಾಯಿ ಕೋಲೂರುತ್ತ ಬಂದು ರೂಢಿಯಂತೆ ಕಟ್ಟೆಯ ಮೇಲೆ ಕೂತಾಗ ಅಜ್ಜಿ ಹೊರಗೆ ಬಂದಳು.

"ಒಳಗ ಬಾ."

"ನಕೋ ಆಯಿ. ಇಲ್ಲೇ ಬರೋಬರಿ ಐತಿ."

"ನನ್ನ ಸೊಸಿ ರಕ್ತದಾಗ ಕೈ ಇಟ್ಟಾಕಿ, ನನ್ನ ಒಲಿ ಮುಂದ ಕುಂದರಾಕ ಅಂಜತೀಯೇನ?" ಅಜ್ಜಿಯ ದನಿ ಜಗಳಕ್ಕೆ ನಿಂತವಳಂತಿತ್ತು. ರಟ್ಟೆ ಹಿಡಿದು ಅಡುಗೆಮನೆಗೆ ಕರೆದೊಯ್ದಳು. ಬಿಸಿರೊಟ್ಟಿ ಬಡಿದು, ಬೆಣ್ಣೆ ಹಚ್ಚಿ, ತುತ್ತು ಮುರಿದು ತಾನೇ ಅವಳ ಬಾಯಿಗಿಟ್ಟಳು. ಸೋನಾಬಾಯಿ ತಲೆ ತಗ್ಗಿಸಿ ಅಗಿಯುತ್ತಿದ್ದಳು. ಇಬ್ಬರೂ ಅಳುತ್ತಿದ್ದರು, ಇಬ್ಬರೂ ಒಲೆಯ ಹೊಗೆಯನ್ನು ಬೈಯುತ್ತಿದ್ದರು.

ಅಜ್ಜಿ ಹೋದಳು. ಅಪ್ಪನೂ ಹೋದ. ಮನೆ ಮಾರಿದ ಮೇಲೆ ಕೊಂಡವರು ಕೆಡವಿ ಸ್ಲ್ಯಾಬ್ ಹಾಕಿಸಿದರು. ಇಮಾಮಸಾಬ ಎಲ್ಲಿದ್ದಾನೋ ತಿಳಿಯದು. ಅಪ್ಪ ಎರಡು ಸಲ ಹುಡುಕಿಕೊಂಡು ಹೋಗಿ ಸಿಗದೆ ಬಂದಿದ್ದ. ಅವ್ವ ಈಗ ನನ್ನ ಹತ್ತಿರ ಇದ್ದಾಳೆ, ಒಂದು ಕಣ್ಣು, ಹಣೆಯಿಂದ ದವಡೆಯವರೆಗೆ ಹೊಲಿಗೆಯ ಗುರುತು. ನಾನು ಸೋನಾಬಾಯಿಗೆ ಒಂದು ಸಲವೂ ಬಾಯಿಬಿಟ್ಟು ಉಪಕಾರವಾಯಿತು ಅನ್ನಲಿಲ್ಲ. ನನ್ನ ಮದುವೆಯಲ್ಲಿ ಅವಳೇ ಮೊಣಕೈ ತೋರಿಸಿ, "ಹೆಂಗ ಕಚ್ಚಿದ್ದಳು ನೋಡ್ರಿ ನಿಮ್ಮ ಸೊಸಿ," ಎಂದು ಬೀಗರ ಮುಂದೆ ನಕ್ಕಳು. ನಾನೂ ನಕ್ಕೆ.

ಮೂರು ವರ್ಷದ ಹಿಂದೆ ಅವಳ ಮಗಳು ಶಾಂತಾ, ತಾಯಿ ಹೋದಳೆಂದು ಖಾನಾಪುರದಿಂದ ಫೋನ್ ಮಾಡಿದಳು. ನಾವು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಜನ ಕೂಡಿದ್ದರು. ಹೆಂಗಸರು ಸೋನಾಬಾಯಿಗೆ ನೀರು ಹಾಕಿ ಒಳಗೆ ಮಲಗಿಸಿದ್ದರು. ಒದ್ದೆ ಕೂದಲು ಚಾಪೆಯ ಮೇಲೆ ಹರಡಿತ್ತು. ಅವ್ವ ನೆಟ್ಟಗೆ ಹೋಗಿ ತಲೆಯ ಬಳಿ ಕೂತಳು. ಶಾಂತಾಳ ಕೈಯಿಂದ ಹಣಿಗೆ ಇಸಿದುಕೊಂಡಳು. ಒಂದೇ ಕಣ್ಣಿನಲ್ಲಿ ಹತ್ತಿರ ಬಗ್ಗಿ ನೋಡುತ್ತ, ಸಿಕ್ಕು ಜಗ್ಗದಂತೆ ಬೆರಳಿನಿಂದ ಹಿಡಿದು, ಎಳೆ ಎಳೆಯಾಗಿ ಬಾಚತೊಡಗಿದಳು. ಹೊರಗೆ ಗಂಡಸರು ಹೊತ್ತಾಯಿತೆಂದು ಒಂದು ಸಲ ಕೂಗಿದರು. ಶಾಂತಾ ಎದ್ದುಹೋಗಿ ಬಾಗಿಲು ಎಳೆದು ಮುಂದೆ ಮಾಡಿ ಬಂದಳು.